ಹಕ್ಕಿ, ಮರೆ ಮತ್ತು ಕಥನ: ಪೂರ್ಣಚಂದ್ರ ತೇಜಸ್ವಿಯವರ ಬದುಕಿನ ಒಂದು ಮುಖ

ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ವ್ಯಕ್ತಿತ್ವದ ಪ್ರಸ್ತಾಪ ಬಂದಾಗಲೆಲ್ಲ ಕೃಷಿ, ಬೇಟೆ, ಮೀನು ಶಿಕಾರಿ, ಛಾಯಾಗ್ರಹಣ ಎಂಬ ಪಟ್ಟಿಯೊಂದು ಹವ್ಯಾಸಗಳ ಹೆಸರಿನಲ್ಲಿ ಎದುರಾಗುತ್ತದೆ. ಸಾಹಿತ್ಯವು ಮುಖ್ಯ ಕಸುಬು, ಉಳಿದವು ಬಿಡುವಿನ ವಿನೋದಗಳು ಎಂಬ ವಿಂಗಡಣೆ ಈ ಪಟ್ಟಿಯ ಹಿಂದಿದೆ. ಆದರೆ ಸಹ್ಯಾದ್ರಿಯ ಕಾಡುಗಳಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಕಾದು ಕುಳಿತ ಅವರ ದಿನಗಳನ್ನು ಕೃತಿಗಳ ಜೊತೆಗಿಟ್ಟು ನೋಡಿದರೆ ಈ ವಿಂಗಡಣೆ ನಿಲ್ಲುವುದಿಲ್ಲ. ಅವರ ಕಥನಕ್ರಮ ರೂಪುಗೊಂಡ ಜಾಗಗಳಲ್ಲಿ ಆ ಮರೆಯೂ ಒಂದು.

ತೇಜಸ್ವಿಯವರು ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ಶಿವಮೊಗ್ಗ ಜಿಲ್ಲೆಯಲ್ಲಿ. ತಂದೆ ಕುವೆಂಪು, ತಾಯಿ ಹೇಮಾವತಿ. ಬಾಲ್ಯ ಮತ್ತು ವಿದ್ಯಾಭ್ಯಾಸದ ಬಹುಪಾಲು ಮೈಸೂರಿನಲ್ಲಿ ಕಳೆಯಿತು. ಮೈಸೂರು ವಿಶ್ವವಿದ್ಯಾನಿಲಯದಿಂದ ಕನ್ನಡದಲ್ಲಿ ಎಂ.ಎ. ಪದವಿ ಪಡೆದರು. ಮನೆಯೊಳಗೆ ಮಲೆನಾಡಿನ ಹಕ್ಕಿಗಳು ಕಾವ್ಯದ ಮೂಲಕ ಆಗಲೇ ಬಂದು ನೆಲೆಸಿದ್ದವು. ಕಾಜಾಣ, ಪಿಕಳಾರ, ಕಾಮಳ್ಳಿಗಳು ಕುವೆಂಪು ಅವರ ಕವಿತೆಗಳಲ್ಲಿ ಮಲೆನಾಡಿನ ಧ್ವನಿಗಳಾಗಿ, ಕೆಲವೊಮ್ಮೆ ದರ್ಶನದ ಸಂಕೇತಗಳಾಗಿ ಬರುತ್ತವೆ. ‘ಪಕ್ಷಿಕಾಶಿ’ ಎಂಬ ಕವನಸಂಕಲನದ ಹೆಸರೇ ಹಕ್ಕಿಗಳ ತಾಣವನ್ನು ತೀರ್ಥಕ್ಷೇತ್ರಕ್ಕೆ ಏರಿಸುತ್ತದೆ. ಅಂಥ ತಂದೆಯ ಮಗನಾಗಿ ಅದೇ ಕಾಡನ್ನು ಅದೇ ಭಾಷೆಯಲ್ಲಿ ಬರೆಯಹೊರಟವನಿಗೆ ಎದುರಾಗುವ ತೊಡಕು ಸಣ್ಣದಲ್ಲ. ತಂದೆ ಕಿವಿಯಿಂದ ಮತ್ತು ಧ್ಯಾನದಿಂದ ಪಡೆದದ್ದನ್ನು ಮಗ ಕಣ್ಣಿನಿಂದ, ಬರಿಗಾಲಿನ ಅಲೆದಾಟದಿಂದ ಹೊಸದಾಗಿ ಪಡೆಯಬೇಕಾಗಿತ್ತು.

ಪದವಿಯ ಬಲದಿಂದ ಅಧ್ಯಾಪಕ ವೃತ್ತಿಗೆ ಸೇರುವುದು ಅವರಿಗೆ ಸುಲಭವಿತ್ತು. ಅವರು ಅದನ್ನು ಬಿಟ್ಟು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿಗೆ ಬಂದು ಕೃಷಿಕರಾದರು. ಮೊದಲಿನ ತೋಟ ‘ಚಿತ್ರಕೂಟ’. 1966ರಲ್ಲಿ ರಾಜೇಶ್ವರಿ ಅವರೊಡನೆ ವಿವಾಹ ನಡೆದದ್ದು ಮಂತ್ರಮಾಂಗಲ್ಯದ ಸರಳ ಕ್ರಮದಲ್ಲಿ. ಮುಂದೆ ‘ನಿರುತ್ತರ’ ಅವರ ಖಾಯಂ ನೆಲೆಯಾಯಿತು. ಮೂಡಿಗೆರೆಯ ಪಡುವಣಕ್ಕೆ ನೆಲವು ಚಾರ್ಮಾಡಿ ಘಟ್ಟದ ಅಂಚಿನಲ್ಲಿ ಒಮ್ಮೆಗೇ ಕಡಿದುಹೋಗಿ ಕರಾವಳಿಯತ್ತ ಇಳಿಯುತ್ತದೆ. ಉತ್ತರಕ್ಕೆ ಬಾಬಾಬುಡನ್‌ಗಿರಿ ಶ್ರೇಣಿ. ಅಲ್ಲಿನ ಮುಳ್ಳಯ್ಯನಗಿರಿ 1,900 ಮೀಟರಿಗೂ ಹೆಚ್ಚು ಎತ್ತರದ್ದು. ಶಿಖರಗಳ ಹುಲ್ಲುಗಾವಲು, ಕಣಿವೆಗಳ ಶೋಲಾ, ಇಳಿಜಾರಿನ ನಿತ್ಯಹರಿದ್ವರ್ಣ ಕಾಡು, ನಡುವೆ ಮರದ ನೆರಳಿನಲ್ಲಿ ಬೆಳೆಯುವ ಕಾಫಿ. ಜಗತ್ತಿನ ಬೇರೆಲ್ಲೂ ಕಾಣದ ಹಲವು ಹಕ್ಕಿಗಳು ಪಶ್ಚಿಮಘಟ್ಟದ ಈ ಹಸಿರನ್ನೇ ನಂಬಿವೆ.

ಇಲ್ಲಿನ ಹಕ್ಕಿಗಳ ಚಿತ್ರ ತೆಗೆಯುವುದು ಬಯಲುಸೀಮೆಯ ಕೆರೆಯಂಗಳದ ಕೊಕ್ಕರೆಯನ್ನು ಸೆರೆಹಿಡಿದಂತಲ್ಲ. ಮಲಬಾರ್ ಟ್ರೋಗನ್ ಕೆಂಪು ಎದೆಯ ಸುಂದರ ಪಕ್ಷಿ; ಆದರೆ ಅಪಾಯದ ಸುಳಿವು ಸಿಕ್ಕೊಡನೆ ಮಾಸಲು ಬೆನ್ನನ್ನು ತಿರುಗಿಸಿ ಅಲುಗಾಡದೆ ಕುಳಿತುಬಿಡುತ್ತದೆ. ಕಪ್ಪೆಬಾಯಿ ಹಕ್ಕಿ ಹಗಲಿಡೀ ಒಣಗಿದ ಎಲೆಯಂತೆ ಕೊಂಬೆಗೆ ಅಂಟಿಕೊಂಡಿರುತ್ತದೆ. ದೊಡ್ಡ ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಯಿಯನ್ನು ಮುಚ್ಚಿಕೊಂಡು, ಸಣ್ಣ ಸೀಳಿನಲ್ಲಿ ಗಂಡು ತಂದುಕೊಡುವ ಹಣ್ಣುಗಳನ್ನು ನಂಬಿ ವಾರಗಟ್ಟಲೆ ಬದುಕುತ್ತದೆ. ಮೇಲ್ಛಾವಣಿಯಂಥ ಮರಗಳ ಕೆಳಗೆ ನಡುಹಗಲಲ್ಲೂ ಬೆಳಕು ಸಾಲದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ ಬಿಡುವು ಕೊಡದು. ತೇವಕ್ಕೆ ಮಸೂರದ ಗಾಜಿನ ಮೇಲೂ ಬೂಷ್ಟು ಹಿಡಿಯುತ್ತದೆ. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರಗಳಷ್ಟೆ. ಅವುಗಳಲ್ಲಿ ಒಂದಾದರೂ ಮೂಡಿದೆಯೋ ಇಲ್ಲವೋ ಎಂಬುದು ಸುರುಳಿ ತೊಳೆದ ಮೇಲಷ್ಟೇ ತಿಳಿಯುವ ಸಂಗತಿ.

ತೇಜಸ್ವಿಯವರು ಈ ಕೆಲಸಕ್ಕೆ ಬಂದದ್ದು ಬೇಟೆಯ ಅನುಭವದಿಂದ. ಬಂದೂಕು ಹೆಗಲಿಗೇರಿಸಿ ಕಾಡು ಅಲೆದವನಿಗೆ ಪ್ರಾಣಿಯ ಹೆಜ್ಜೆ, ಗಾಳಿಯ ದಿಕ್ಕು, ಸದ್ದಿನ ಅರ್ಥ ತಿಳಿದಿರುತ್ತದೆ. ಆ ತಿಳಿವು ಕ್ಯಾಮೆರಾಕ್ಕೂ ಬೇಕು. ಆದರೆ ಎರಡರ ಕೊನೆ ಬೇರೆ. ಗುಂಡು ತಗುಲಿದೊಡನೆ ಬೇಟೆ ಮುಗಿಯುತ್ತದೆ. ಚಿತ್ರ ತೆಗೆದ ಮೇಲೂ ಹಕ್ಕಿ ತನ್ನ ಕೆಲಸಕ್ಕೆ ಹಾರಿಹೋಗಬೇಕು. ಗೂಡಿನ ಬಳಿಗೆ ಅವಸರದಿಂದ ಹೋದರೆ ತಾಯಿಹಕ್ಕಿ ಮೊಟ್ಟೆಗಳನ್ನೇ ತೊರೆದುಬಿಡಬಹುದು. ಅಂಥ ಚಿತ್ರ ಎಷ್ಟೇ ಚೆಂದವಿದ್ದರೂ ಸೋಲೇ. ಆದ್ದರಿಂದ ಮರೆಯನ್ನು ದೂರದಲ್ಲಿ ಕಟ್ಟಿ, ಹಕ್ಕಿಗೆ ಅದು ರೂಢಿಯಾಗುವವರೆಗೆ ಬಿಟ್ಟು, ಅನಂತರ ಒಳಗೆ ಕೂತು ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕಾಯಬೇಕಾಗುತ್ತದೆ. ಅಲ್ಲಿ ನೋಡುವವನು ತನ್ನ ಇರವನ್ನು ಅಳಿಸಿಕೊಂಡಷ್ಟೂ ಕಾಣುವುದು ಹೆಚ್ಚು.

ತಾನು ಎಂಬುದನ್ನು ಹಿಂದಕ್ಕೆ ಸರಿಸುವ ಈ ಶಿಸ್ತು ಅವರ ಸಾಹಿತ್ಯಕ ನಿಲುವಿಗೆ ಹೊರತಾದುದಲ್ಲ. ‘ಸ್ವರೂಪ’ದಂಥ ಆರಂಭದ ಕೃತಿಯಲ್ಲಿ ನವ್ಯದ ಅಂತರ್ಮುಖಿ ಪ್ರಜ್ಞೆಯೇ ಮುಂದಿತ್ತು. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನಕ್ಕೆ ಬರೆದ ಮುನ್ನುಡಿಯಲ್ಲಿ ಅವರು ಆ ಮಾರ್ಗದಿಂದ ಹೊರಬಂದು ಹೊಸ ದಿಗಂತವೊಂದರ ಅಗತ್ಯವನ್ನು ಸಾರಿದರು. ಈ ತಿರುವನ್ನು ಲೋಹಿಯಾ ಚಿಂತನೆ, ಸಮಾಜವಾದಿ ಯುವಜನರ ಒಡನಾಟಗಳ ಹಿನ್ನೆಲೆಯಲ್ಲಿ ವಿಮರ್ಶೆ ವಿವರಿಸಿದೆ. ಆ ವಿವರಣೆ ಸರಿಯಾದದ್ದೇ. ಅದರ ಜೊತೆಗೆ ಕಾಡಿನ ಪಾಠವನ್ನೂ ಸೇರಿಸಬೇಕಾಗುತ್ತದೆ. ಮನುಷ್ಯನ ತಳಮಳಗಳನ್ನು ಲೆಕ್ಕಿಸದೆ ತನ್ನ ಪಾಡಿಗೆ ತಾನು ನಡೆಯುವ ಜೀವಲೋಕವೊಂದು ಎದುರಿಗೇ ಇದೆ ಎಂಬ ಅರಿವು ಸಿದ್ಧಾಂತದಿಂದ ಮಾತ್ರ ಹುಟ್ಟುವಂಥದಲ್ಲ.

1980ರಲ್ಲಿ ಪ್ರಕಟವಾದ ‘ಕರ್ವಾಲೊ’ ಈ ಅರಿವಿನ ಕಥಾರೂಪ. ವಿಜ್ಞಾನಿ ಕರ್ವಾಲೊ, ಜೇನಿನ ನಂಟಿನ ಹಳ್ಳಿಗ ಮಂದಣ್ಣ, ಕೃಷಿಕನಾದ ನಿರೂಪಕ, ಛಾಯಾಗ್ರಾಹಕ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಎಂಗ್ಟ ಇವರೆಲ್ಲರ ತಂಡ ಹಾರುವ ಓತಿಯನ್ನು ಹುಡುಕುತ್ತ ಘಟ್ಟದ ದುರ್ಗಮ ಕಾಡಿಗೆ ಹೋಗುತ್ತದೆ. ಅಪರೂಪದ ಜೀವಿಯನ್ನು ಮೊದಲು ಗುರುತಿಸಿದ ಕಣ್ಣು ಪದವಿಯಿಲ್ಲದ ಮಂದಣ್ಣನದು. ಕೊನೆಯಲ್ಲಿ ಓತಿ ಎಲ್ಲರ ಕಣ್ಣೆದುರೇ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ವಿಜ್ಞಾನದ ಜ್ಞಾನ, ಹಳ್ಳಿಗನ ಚತುರತೆ, ಕ್ಯಾಮೆರಾದ ಗಾಜು ಯಾವುದೂ ಅದನ್ನು ಸ್ವಂತ ಮಾಡಿಕೊಳ್ಳಲಾರದು. ಈ ಮುಕ್ತಾಯವನ್ನು ಅನುಭಾವದ ನಿಟ್ಟಿನಿಂದ ಓದುವುದುಂಟು. ಆದರೆ ಅಪರೂಪದ ಜೀವಿಗಾಗಿ ಮರೆಯಲ್ಲಿ ಕಾದು ಕೂತವರಿಗೆ ಅದು ದಿನನಿತ್ಯದ ವಾಸ್ತವ. ಕಾದ ಹಕ್ಕಿ ಬರುತ್ತದೆ, ಒಂದು ಕ್ಷಣ ಕೂರುತ್ತದೆ, ಹಾರಿಹೋಗುತ್ತದೆ. ನೋಡಿದವರ ಪಾಲಿಗೆ ಉಳಿಯುವುದು ಬದಲಾದ ನೋಟವಷ್ಟೆ.

ಕ್ಯಾಮೆರಾದ ಫಲ ‘ಮಾಯೆಯ ಮುಖಗಳು’ ಎಂಬ ಹೆಸರಿನ ಚಿತ್ರಗಳಲ್ಲಿಯೂ ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’, ‘ಹಕ್ಕಿ ಪುಕ್ಕ’ ಮೊದಲಾದ ಪುಸ್ತಕಗಳಲ್ಲಿಯೂ ಕನ್ನಡಿಗರಿಗೆ ದೊರಕಿತು. ಈ ಪುಸ್ತಕಗಳ ಭಾಷಿಕ ಮಹತ್ವವನ್ನು ಕನ್ನಡ ಅಧ್ಯಯನ ಇನ್ನೂ ಸಾಕಷ್ಟು ಗಮನಿಸಬೇಕಾಗಿದೆ. ಹಕ್ಕಿಯನ್ನು ಗುರುತಿಸುವ ಆಧುನಿಕ ಶಾಸ್ತ್ರ ಇಂಗ್ಲಿಷಿನ ಮೂಲಕ ಬಂದದ್ದು. ಅದರ ಕೈಪಿಡಿಗಳ ಮುಂದೆ ಕನ್ನಡದ ಓದುಗನಿಗೆ ತನ್ನ ಹಿತ್ತಲಿನ ಹಕ್ಕಿಯೇ ಅಪರಿಚಿತವಾಗಿತ್ತು. ಇನ್ನೊಂದು ಕಡೆ, ಒಂದೇ ಹೆಸರು ಊರಿಂದೂರಿಗೆ ಬೇರೆ ಬೇರೆ ಹಕ್ಕಿಗಳಿಗೆ ಸಲ್ಲುವ ತೊಡಕೂ ಇತ್ತು. ಚಿತ್ರ, ಹೆಸರು, ಗಾತ್ರ, ಬಣ್ಣ, ಕೂಗು, ಗೂಡಿನ ಬಗೆ ಇವನ್ನು ಸರಳ ಗದ್ಯದಲ್ಲಿ ಕೂಡಿಸಿಟ್ಟದ್ದರಿಂದ ಜನರ ನಾಲಗೆಯ ಮೇಲಿದ್ದ ಪದಗಳಿಗೆ ನಿಶ್ಚಿತ ಅರ್ಥ ಒದಗುವ ದಾರಿ ತೆರೆಯಿತು. ಕವಿಸಮಯದ ಹಕ್ಕಿ ಇಲ್ಲಿ ಕಣ್ಣಿಗೆ ಕಾಣುವ, ಪರೀಕ್ಷಿಸಬಹುದಾದ ಹಕ್ಕಿಯಾಗುತ್ತದೆ. ತಂದೆಯ ‘ಪಕ್ಷಿಕಾಶಿ’ಗೆ ಮಗ ಸಲ್ಲಿಸಿದ ಉತ್ತರವೆಂದರೆ ಇದೇ, ಅದರಲ್ಲಿ ನಿರಾಕರಣೆಗಿಂತ ಮುಂದುವರಿಕೆಯೇ ಹೆಚ್ಚು.

1985ರ ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2001ರಲ್ಲಿ ಪಂಪ ಪ್ರಶಸ್ತಿ ಸಂದಿತು. ಅನಂತರದ ಬರವಣಿಗೆಯಲ್ಲಿ ಕಥೆ ಕಾದಂಬರಿಗಳಿಗಿಂತ ಪರಿಸರ, ವಿಜ್ಞಾನ, ಅನುವಾದ, ಕನ್ನಡ ತಂತ್ರಾಂಶಗಳ ಕೆಲಸಕ್ಕೆ ಹೆಚ್ಚು ಸಮಯ ಹೋಯಿತು. ದೊಡ್ಡ ಕಾದಂಬರಿಕಾರನೊಬ್ಬ ಹಕ್ಕಿಯ ಹಿಂದೆ ಹೋಗಿ ಕನ್ನಡಕ್ಕೆ ಬರಬೇಕಾಗಿದ್ದ ಕೃತಿಗಳನ್ನು ಕಳೆದನೇ ಎಂಬ ಪ್ರಶ್ನೆ ಅನುಚಿತವಲ್ಲ. ಅದಕ್ಕೆ ಉತ್ತರ ‘ಪರಿಸರದ ಕತೆ’ಯಲ್ಲಿದೆ. 1991ರ ಈ ಕೃತಿಯಲ್ಲಿ ಕಥೆ, ಪ್ರಬಂಧ, ವಿಜ್ಞಾನ ಬರಹಗಳ ಗಡಿಗಳು ಕರಗಿವೆ. ಕಾಡಿನ ಪ್ರಾಣಿಗಳೂ ಮಾರ, ಪ್ಯಾರರಂಥ ಮನುಷ್ಯರೂ ಒಂದೇ ಸಲುಗೆಯಲ್ಲಿ, ಒಂದೇ ನಗೆಯಲ್ಲಿ ಬದುಕುತ್ತಾರೆ. ಗಮನವಿಟ್ಟು ನೋಡುವ ಅಭ್ಯಾಸ ಇಲ್ಲದೆ ಆ ಗದ್ಯ ಸಾಧ್ಯವಿರಲಿಲ್ಲ.

2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ತೋಟದ ಮನೆಯಲ್ಲಿ ತೇಜಸ್ವಿಯವರು ನಿಧನರಾದರು. ಆಗ ಅವರಿಗೆ 68 ವರ್ಷ. ಅವರು ಚಿತ್ರಿಸಿದ ಹಕ್ಕಿಗಳ ನೆಲೆಗಳಲ್ಲಿ ಇಂದು ರಸ್ತೆ, ರೆಸಾರ್ಟು, ಬೋಳು ತೋಟಗಳ ಒತ್ತಡ ಹೆಚ್ಚಿದೆ. ಪೊಟರೆಯಿರುವ ಹಳೆಯ ಮರ ಉರುಳಿದರೆ ಮಂಗಟ್ಟೆಗೆ ಗೂಡಿಲ್ಲ. ಹಕ್ಕಿ ಹೋದ ಮೇಲೆ ಅದರ ಹೆಸರು ನಿಘಂಟಿನ ಪದವಾಗಿ ಮಾತ್ರ ಉಳಿಯುತ್ತದೆ. ಭಾಷೆಯ ಅಳಿವು ಉಳಿವನ್ನು ಚರ್ಚಿಸುವ ಕನ್ನಡ ವಿಭಾಗಗಳಿಗೆ ತೇಜಸ್ವಿಯವರ ಕ್ಯಾಮೆರಾ ಬಿಟ್ಟುಹೋದ ಕೆಲಸ ಅದು: ಪದದ ಜೊತೆಗೆ ಪದದ ಆಚೆ ಇರುವ ಜೀವವನ್ನೂ ಕಾಯುವುದು.