ಪ್ಲೈವುಡ್ ಬಗ್ಗಿಸಿದ ಈಮ್ಸ್

ಪ್ಲೈವುಡ್ ಅಂದ್ರೆ ತೆಳು ಮರದ ಪದರಗಳು. ಒಂದರ ನಾರು ಉದ್ದಕ್ಕೆ, ಮುಂದಿನದರದ್ದು ಅಡ್ಡಕ್ಕೆ. ಅದಕ್ಕೇ ಸುಲಭವಾಗಿ ಸೀಳಲ್ಲ. ಅದನ್ನ ಬಗ್ಗಿಸೋ ಹಟ ಹಿಡಿದವರು ಅಮೆರಿಕದ ಚಾರ್ಲ್ಸ್ ಈಮ್ಸ್. 1907ರಲ್ಲಿ ಹುಟ್ಟಿ, ಆರ್ಕಿಟೆಕ್ಚರ್ ಓದಿದರೂ ಡಿಗ್ರಿ ಮುಗಿಸಲಿಲ್ಲ. 1941ರಲ್ಲಿ ಲಾಸ್ ಏಂಜಲೀಸ್‌ಗೆ ಬಂದು, ಹೆಂಡತಿ ರೇ ಜೊತೆ ಮನೆಯಲ್ಲೇ ಮೆಷಿನ್ ಕಟ್ಟಿದರು. ಅಂಟು ಹಚ್ಚಿದ ಪದರಗಳಿಗೆ ಶಾಖ, ಸೈಕಲ್ ಪಂಪಿನ ಒತ್ತಡ!

ಯುದ್ಧದಲ್ಲಿ ಕಾಲು ಮುರಿದವರಿಗೆ ಕಟ್ಟುತ್ತಿದ್ದ ಲೋಹದ ಸ್ಪ್ಲಿಂಟ್ ಅದುರಿ ಗಾಯ ಹೆಚ್ಚಿಸುತ್ತಿತ್ತು. ಇವರು ಕಾಲಿನ ಆಕಾರಕ್ಕೇ ಪ್ಲೈವುಡ್ ಬಗ್ಗಿಸಿದರು. ಎರಡು ದಿಕ್ಕಿಗೆ ಬಾಗುವಲ್ಲಿ ಬಿರುಕು ಬಿಡದಂತೆ ತೂತು ಬಿಟ್ಟರು. ಬ್ಯಾಂಡೇಜ್ ಹಾಯಿಸೋಕೂ ಅವೇ. ನೌಕಾಪಡೆಗೆ ಸುಮಾರು 1,50,000 ಸ್ಪ್ಲಿಂಟ್ ಹೋದವು. ಹೆಸರು ತಂದ ಕುರ್ಚಿಗಳು ಬಂದದ್ದು ಆಮೇಲೆ. 1978ರಲ್ಲಿ ತೀರಿಕೊಂಡರು.

ಲ್ಯಾಬ್ ಇದ್ದರೇ ಪ್ರಾಜೆಕ್ಟ್ ಅನ್ನೋ ನಾವು ಆ ಸೈಕಲ್ ಪಂಪನ್ನ ನೆನಪಿಡೋಣ.