ಭಾಸ್ಕರಾಚಾರ್ಯರ ಕೋತಿಗಳು

ಬಾದಾಮಿಯ ಗುಹೆಗಳನ್ನು ನೋಡಹೋದವರ ಬುತ್ತಿ ಕೋತಿಗಳ ಪಾಲಾಗುವುದು ಹೊಸತಲ್ಲ. ನನ್ನದೂ ಹಾಗೆಯೇ ಹೋಯಿತು. ಆಗ ನೆನಪಾದವರು ಭಾಸ್ಕರಾಚಾರ್ಯರು. ಅವರ ಬೀಜಗಣಿತದಲ್ಲಿಯೂ ಒಂದು ಹಿಂಡು ಗುಹೆಯನ್ನು ಹೊಗುತ್ತದೆ.

ಆಚಾರ್ಯರು ಹುಟ್ಟಿದ್ದು ಶಕ 1036, ಎಂದರೆ ಕ್ರಿ.ಶ. 1114ರಲ್ಲಿ. ತಂದೆ ಮಹೇಶ್ವರರೇ ಗುರುಗಳು. 36ನೆಯ ವಯಸ್ಸಿನಲ್ಲಿ, 1150ರಲ್ಲಿ, ಸಿದ್ಧಾಂತ ಶಿರೋಮಣಿಯನ್ನು ಮುಗಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯಗಳು ಅದರ ಭಾಗಗಳು. ಕರಣಕುತೂಹಲವನ್ನು ಬರೆದಾಗ ಅವರಿಗೆ 69 ವರ್ಷ. ಮಗಳು ಲೀಲಾವತಿಯ ಮುಹೂರ್ತ ತಪ್ಪಿದ ಕಥೆ 1587ರ ಫೈಜಿಯ ಪಾರಸಿ ಅನುವಾದದಲ್ಲಿ ಬರುತ್ತದೆ, ಆಚಾರ್ಯರ ಗ್ರಂಥದಲ್ಲಿಲ್ಲ.

ಇನ್ನು ಕೋತಿಗಳು. ಹಿಂಡಿನ ಐದನೆಯ ಒಂದು ಭಾಗದಲ್ಲಿ 3 ಕಳೆದು, ಉಳಿದುದನ್ನು ವರ್ಗ ಮಾಡಿದರೆ ಎಷ್ಟೋ ಅಷ್ಟು ಕೋತಿಗಳು ಗುಹೆಯೊಳಗೆ ಹೋದವು. ಒಂದು ಮಾತ್ರ ಕೊಂಬೆಯ ಮೇಲೆ ಕಾಣಿಸಿತು. ಹಿಂಡು ಎಷ್ಟು? ಅವ್ಯಕ್ತವನ್ನು ಆಚಾರ್ಯರು 'ಯಾ' ಎಂದು ಬರೆಯುತ್ತಾರೆ. ಎರಡನೆಯ, ಮೂರನೆಯ ಅವ್ಯಕ್ತಗಳಿಗೆ ಕಾಲಕ, ನೀಲಕ ಎಂದು ಬಣ್ಣದ ಹೆಸರು. ಇಳಕಲ್ಲಿನ ನೇಕಾರರ ಮನೆಯವನಾದ ನನಗೆ ಇದು ಬಲು ಹಿಡಿಸಿತು. ಲೆಕ್ಕವನ್ನು ಬಿಡಿಸಿದರೆ, ಯಾ ವರ್ಗದಲ್ಲಿ 55 ಯಾ ಕಳೆದು 250 ಕೂಡಿಸಿದರೆ ಸೊನ್ನೆ ಎಂದಾಗುತ್ತದೆ.

ಹೈಸ್ಕೂಲಿನಲ್ಲಿ ನಾವು ಮಧ್ಯಪದವನ್ನು ಒಡೆದು ಅಪವರ್ತಿಸಲು ಕಲಿತೆವು. ಗುಣಿಸಿದರೆ 250, ಕೂಡಿಸಿದರೆ 55 ಬರುವ ಸಂಖ್ಯೆಗಳು 50 ಮತ್ತು 5. ಹೊಳೆದರೆ ಸರಿ, ಹೊಳೆಯದಿದ್ದರೆ ಬರಿಯ ಹಾಳೆ ಕೊಟ್ಟು ಬರಬೇಕು. ನಾನು ಎಷ್ಟೋ ಸಲ ಕೊಟ್ಟು ಬಂದಿದ್ದೇನೆ. ಆಚಾರ್ಯರ ದಾರಿ ಹೊಳಹನ್ನು ಕಾಯುವುದಿಲ್ಲ. 250ನ್ನು ಆಚೆಗೆ ಒಯ್ದು, ಎರಡೂ ಕಡೆ 4ರಿಂದ ಗುಣಿಸಿ, 55ರ ವರ್ಗ 3025ನ್ನು ಕೂಡಿಸಬೇಕು. ಒಂದು ಕಡೆ 2 ಯಾದಲ್ಲಿ 55 ಕಳೆದುದರ ವರ್ಗ. ಇನ್ನೊಂದು ಕಡೆ 2025, ಎಂದರೆ 45ರ ವರ್ಗ. ಉತ್ತರ 50 ಇಲ್ಲವೆ 5. ಈ ಸೂತ್ರ ಶ್ರೀಧರಾಚಾರ್ಯರದೆಂದು ಅವರು ಹೆಸರಿಟ್ಟು ಹೇಳಿದ್ದಾರೆ.

ಎರಡು ಉತ್ತರ ಬಂದರೂ ಆಚಾರ್ಯರು 5ನ್ನು ಬಿಟ್ಟರು. 5ರ ಐದನೆಯ ಭಾಗ 1. ಅದರಲ್ಲಿ 3 ಕಳೆದರೆ ಋಣಸಂಖ್ಯೆ. ಅದನ್ನು ಜನ ಒಪ್ಪರು. ಸೂತ್ರ ಕೊಟ್ಟಿತೆಂದು ಅವರು ಇಟ್ಟುಕೊಳ್ಳಲಿಲ್ಲ. ಮತ್ತೊಂದು ಕೋತಿಗಳ ಲೆಕ್ಕದಲ್ಲಿ 48, 16 ಎರಡೂ ಹೊಂದುತ್ತವೆ. ಅಲ್ಲಿ ಎರಡನ್ನೂ ಉಳಿಸಿಕೊಂಡರು.

ಹೋದ ವರ್ಷದ ಚರ್ಚಾಕೂಟದಲ್ಲಿ ನಾನು ಆಚಾರ್ಯರು ನಮ್ಮ ಕಡೆಯವರೆಂದು ವಾದಿಸಿದ್ದೆ. ಅವರ ಊರು ವಿಜ್ಜಡವಿಡ. ಅದು ವಿಜಾಪುರವೇ ಎಂದು ಕೆಲವರ ಮತ. ಬಾಗಲಕೋಟೆ, ಹುನಗುಂದಗಳೂ 1997ರವರೆಗೆ ಅದೇ ಜಿಲ್ಲೆಯಲ್ಲಿದ್ದವಷ್ಟೆ! ಚಪ್ಪಾಳೆಯೂ ಬಿತ್ತು. ಆದರೆ ಆ ಊರು ಸಹ್ಯಾದ್ರಿಗೆ ಸೇರಿದ್ದೆಂದು ಆಚಾರ್ಯರೇ ಹೇಳಿದ್ದಾರೆ. ವಿಜಾಪುರದ ಬಯಲಿಗೂ ಸಹ್ಯಾದ್ರಿಗೂ ಎಲ್ಲಿಯ ನಂಟು? ಅವರ ಗ್ರಂಥಗಳನ್ನು ಕಲಿಸಲು ಮೊಮ್ಮಗ ಚಂಗದೇವನು ಸ್ಥಾಪಿಸಿದ ಮಠದ 1207ರ ಶಾಸನ ದೊರೆತದ್ದೂ ಖಾನದೇಶದ ಚಾಳೀಸಗಾಂವ ಹತ್ತಿರದ ಪಾಟಣದಲ್ಲಿ. ಅಂದು ಚಪ್ಪಾಳೆ ತಟ್ಟಿದ ಗೆಳೆಯರಿಗೆ ಇಲ್ಲಿ ಅರಿಕೆ ಮಾಡುತ್ತೇನೆ: ನನ್ನ ವಾದವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.