ಟೊಮೇಟೊ, ಬೂದಿ ಮತ್ತು ಲೀಬಿಗ್

ನಮ್ಮನೆ ತಾರಸಿ ಮೇಲೆ ಅಮ್ಮ ಕುಂಡದಲ್ಲಿ ಟೊಮೇಟೊ ಬೆಳೀತಾರೆ. ಕಳೆದ ರಜೆಯಲ್ಲಿ ನಾನು ಉತ್ಸಾಹದಿಂದ ಅದಕ್ಕೆ ಯೂರಿಯಾ ಹಾಕ್ದೆ. ಗಿಡವೇನೋ ಸೊಂಪಾಗಿ ಬೆಳೀತು, ಆದ್ರೆ ಕಾಯಿಗಳ ತಳವೆಲ್ಲ ಕಪ್ಪಾಯ್ತು. ಕಾಯಿಗೆ ಕ್ಯಾಲ್ಸಿಯಂ ಸಾಲದೇ ಹೋದ್ರೆ ಹಾಗಾಗುತ್ತಂತೆ. ಕಾರಣ ಹುಡುಕ್ತಾ ಹೋದಾಗ ಸಿಕ್ಕವರು ಯುಸ್ಟಸ್ ಫಾನ್ ಲೀಬಿಗ್. ಹೌದು, ಲ್ಯಾಬ್‌ನಲ್ಲಿ ನಾವು ಜೋಡಿಸೋ ಲೀಬಿಗ್ ಕಂಡೆನ್ಸರ್‌ನ ಲೀಬಿಗ್. (ಅದನ್ನ ಕಂಡುಹಿಡಿದಿದ್ದು ಅವರಲ್ಲ, ಜನಪ್ರಿಯ ಮಾಡಿದ್ದಷ್ಟೇ ಅವರು.)

ಲೀಬಿಗ್ ಹುಟ್ಟಿದ್ದು 1803ರಲ್ಲಿ, ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ. ತಂದೆಯದು ಬಣ್ಣ, ಕೆಮಿಕಲ್ ಮಾರೋ ಅಂಗಡಿ. ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದ ಮರುವರ್ಷ, 1816ರಲ್ಲಿ, ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಹಾಳಾಗಿ ಜನ ಹಸಿವಿನಿಂದ ಒದ್ದಾಡಿದರು. ಹುಡುಗನಿಗೆ ಆಗ 13 ವರ್ಷ. ಮುಂದೆ ಪ್ಯಾರಿಸ್‌ನಲ್ಲಿ ಗೇ-ಲುಸ್ಸಾಕ್ ಹತ್ತಿರ ಕಲಿತು, 1824ರಲ್ಲಿ, 21ನೇ ವಯಸ್ಸಿಗೇ ಗೀಸೆನ್‌ನಲ್ಲಿ ಪ್ರೊಫೆಸರ್ ಆದರು. ನಮಗಿಂತ ಎರಡೇ ವರ್ಷ ದೊಡ್ಡವರು! ವಿದ್ಯಾರ್ಥಿಗಳ ಕೈಯಿಂದಲೇ ಪ್ರಯೋಗ ಮಾಡಿಸೋ ಅವರ ಲ್ಯಾಬ್‌ಗೆ ಬೇರೆ ದೇಶಗಳಿಂದಲೂ ಹುಡುಗರು ಬರ್ತಿದ್ದರು.

ಗಿಡ ಬದುಕೋದು ಮಣ್ಣಲ್ಲಿ ಕೊಳೆತ ಎಲೆ, ಗೊಬ್ಬರದ ಸಾರ ತಿಂದು ಅಂತ ಆಗ ಬಹಳ ಜನ ನಂಬಿದ್ದರು. 1840ರ ತಮ್ಮ ಪುಸ್ತಕದಲ್ಲಿ ಲೀಬಿಗ್ ಇದನ್ನ ಒಪ್ಪಲಿಲ್ಲ. ಇಂಗಾಲ ಗಾಳಿಯಿಂದ ಬರುತ್ತೆ. ಗಿಡ ಸುಟ್ಟಾಗ ಉಳಿಯೋ ಬೂದಿಯಲ್ಲಿರೋ ಪೊಟ್ಯಾಶ್, ರಂಜಕ, ಸುಣ್ಣ, ಮೆಗ್ನೀಷಿಯಂ ಮಣ್ಣಿಂದ ಬರುತ್ತೆ. ಬೆಳೆ ತೆಗೆದ ಮೇಲೆ ಅವನ್ನ ಮಣ್ಣಿಗೆ ವಾಪಸ್ ಕೊಡಬೇಕು. ಇವುಗಳಲ್ಲಿ ಯಾವುದು ತೀರಾ ಕಡಿಮೆ ಇದೆಯೋ ಅದೇ ಬೆಳೆಯ ಮಿತಿ, ಉಳಿದದ್ದು ಎಷ್ಟು ಸುರಿದರೂ ವ್ಯರ್ಥ. ನಾನು ಯೂರಿಯಾ ಸುರಿದ ಹಾಗೆ. ಈ ಮಾತನ್ನ ಕಾರ್ಲ್ ಸ್ಪ್ರೆಂಗೆಲ್ ಮೊದಲೇ ಹೇಳಿದ್ದರು, ಹೆಸರು ಬಂದಿದ್ದು ಮಾತ್ರ ಲೀಬಿಗ್‌ಗೆ.

ಥಿಯರಿ ಸರಿ, ಪ್ರಾಡಕ್ಟ್? 1845ರಲ್ಲಿ ಇಂಗ್ಲೆಂಡಿನಲ್ಲಿ ಅವರ ಪೇಟೆಂಟ್ ಗೊಬ್ಬರ ಮಾರುಕಟ್ಟೆಗೆ ಬಂತು, ಪೂರ್ತಿ ಫೇಲ್ ಆಯ್ತು. ಮಳೆಗೆ ಕೊಚ್ಚಿ ಹೋಗಬಾರದು ಅಂತ ಲವಣಗಳನ್ನ ಕರಗದ ಹಾಗೆ ಮಾಡಿದ್ದರು. ಕರಗದಿದ್ದರೆ ಬೇರು ಹೀರೋದು ಹೇಗೆ? ಇನ್ನೊಂದು ತಪ್ಪು ಸಾರಜನಕದ್ದು. ಗಿಡಕ್ಕೆ ಬೇಕಾದ ಅಮೋನಿಯಾ ಗಾಳಿ, ಮಳೆಯಿಂದಲೇ ಸಿಗುತ್ತೆ ಅಂತ ಅವರು ಹಟ ಹಿಡಿದಿದ್ದರು. ಅದು ಸಾಲದು ಅಂತ ತೋರಿಸಿದ್ದು ರಾಥಮ್‌ಸ್ಟೆಡ್‌ನಲ್ಲಿ ಗೋಧಿ ಬೆಳೆದು ಅಳೆದ ಲಾಸ್ ಮತ್ತು ಗಿಲ್ಬರ್ಟ್. ಈ ಗಿಲ್ಬರ್ಟ್ ಗೀಸೆನ್‌ನಲ್ಲಿ ಲೀಬಿಗ್ ಹತ್ತಿರವೇ ಕಲಿತವರು! ಗುರು-ಶಿಷ್ಯರ ಜಗಳ ವರ್ಷಗಟ್ಟಲೆ ನಡೀತು.

ಮಣ್ಣು ತಾನೇ ಪೊಟ್ಯಾಶ್, ಅಮೋನಿಯಾ ಹಿಡಿದಿಟ್ಟುಕೊಳ್ಳುತ್ತೆ ಅನ್ನೋದು ಆಮೇಲೆ ಬೇರೆಯವರಿಂದ ಗೊತ್ತಾಯ್ತು. ಕರಗದ ಹಾಗೆ ಮಾಡಿದ್ದು ತನ್ನ ತಪ್ಪು ಅಂತ ಲೀಬಿಗ್ ಕೊನೆಗೆ ಬರೆದು ಒಪ್ಪಿಕೊಂಡರು. ಅಷ್ಟು ಜಗಳಗಂಟ ಮನುಷ್ಯ ಒಪ್ಪಿಕೊಂಡಿದ್ದೇ ನನಗೆ ಆಶ್ಚರ್ಯ. 1873ರಲ್ಲಿ ಮ್ಯೂನಿಕ್‌ನಲ್ಲಿ ತೀರಿಕೊಂಡರು. ರಾಥಮ್‌ಸ್ಟೆಡ್‌ನ ಆ ಗೋಧಿ ಹೊಲದಲ್ಲಿ 1843ರಲ್ಲಿ ಶುರುವಾದ ಪ್ರಯೋಗ ಇವತ್ತಿಗೂ ನಡೀತಿದೆ.